ಬಂಕೂ ಬೇಡ, ಕರೆಂಟ್ ಬಿಲ್ಲೂ ಬೇಡ ಅಂತ ಹೊರಟಿದೀನಿ, ಎಲ್ಲಿಂದ ಶುರು ಮಾಡ್ಲಿ?

ಬದುವಿನಮೇಲೆ

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಸುಮ್ನೆ ಓದ್ಕೊಂಡು ಹೋಗ್ತಿದ್ದೆ, ಇವತ್ತು ಬಾಯಿ ಬಿಡೋಣ ಅನ್ಸ್ತು.

ನಮ್ದು ಊರಿಂದಾಚೆ ಹೊಲದಲ್ಲೇ ಮನೆ. 35 ಹೆಚ್‌ಪಿದು ಒಂದು ಹಳೇ ಟ್ರಾಕ್ಟರ್, ಅದಕ್ಕಿಂತ ಹಳೇದು ಒಂದು ಡೀಸೆಲ್ ಪಿಕಪ್, ಓಡಾಡೋಕೆ ಪೆಟ್ರೋಲ್ ಸ್ಕೂಟರ್, ಎರಡು ಹಸು, 1 ಹೆಚ್‌ಪಿ ನೀರಿನ ಮೋಟರ್. ಕರೆಂಟ್ ಇದ್ರೆ ಇದೆ ಇಲ್ಲಾಂದ್ರೆ ಇಲ್ಲ, ಬಂಕ್ ದೂರ, ಡೀಸೆಲ್ ತರೋಕೆ ಹೋಗಿ ಬರೋದ್ರಲ್ಲೇ ಒಂದಿಷ್ಟು ಡೀಸೆಲ್ ಹೋಗುತ್ತೆ. ಸಾಕಾಗಿದೆ.

ನನ್ನ ತಲೇಲಿರೋದು ಹೀಗೆ. ಒಂದು ಎಕರೆ ಎಣ್ಣೆಬೀಜಕ್ಕೆ ಬಿಡೋದು, ಸಣ್ಣ ಗಾಣ ಇಟ್ಕೊಂಡು ಎಣ್ಣೆ ತೆಗೆದು ಟ್ರಾಕ್ಟರಿಗೂ ಪಿಕಪ್ಪಿಗೂ ಹಾಕೋದು. ಗೋಬರ್ ಗ್ಯಾಸ್ ಮಾಡಿ ಅದನ್ನ ಸಿಲಿಂಡರಿಗೆ ತುಂಬಿ ಗಾಡಿಗೆ ಕಟ್ಟೋದು. ಮನೆಗೆ ಸೋಲಾರ್. ಆಮೇಲೆ ನೀರಿಂದ ಹೈಡ್ರೋಜನ್ ತೆಗೆದು ಎಂಜಿನ್ನಿಗೆ ಬಿಡೋ ಕಿಟ್ ಒಂದು ವಿಡಿಯೋದಲ್ಲಿ ನೋಡ್ದೆ, ಮೈಲೇಜು ಡಬಲ್ ಆಗುತ್ತಂತೆ. ನನ್ನ ತಮ್ಮ ಇದೆಲ್ಲ ಕೇಳಿ ನಿನಗೆ ಬಿಸಿಲು ತಲೆಗೆ ಹತ್ತಿದೆ ಅಂತಾನೆ. ಮಾಡಿ ನೋಡಿದವರು ಹೇಳಿ, ಯಾವುದು ಆಗುತ್ತೆ ಯಾವುದು ಆಗಲ್ಲ?

ಗ್ರೀಸ್‌ಕೈ

ಅಣ್ಣ ನಿಮ್ಮ ತಮ್ಮ ಅರ್ಧ ಸರಿ ಅರ್ಧ ತಪ್ಪು. ನಾನು ಎಂಜಿನ್ ಬಿಚ್ಚೋನು, ಎಣ್ಣೆ ವಿಷಯ ಮಾತ್ರ ಹೇಳ್ತೀನಿ, ಸೋಲಾರ್ ಗೊತ್ತಿರೋರು ಬೇರೆ ಇದಾರೆ.

ಡೀಸೆಲ್ ಎಂಜಿನ್ ಎಣ್ಣೇಲಿ ಓಡುತ್ತಾ ಅಂದ್ರೆ ಓಡುತ್ತೆ, ಇದೇನು ಹೊಸದಲ್ಲ, 1900ರಲ್ಲಿ ಪ್ಯಾರಿಸ್‌ನಲ್ಲಿ ದೊಡ್ಡ ಪ್ರದರ್ಶನ ಆಯ್ತಲ್ಲ ಅಲ್ಲೇ ಒಂದು ಡೀಸೆಲ್ ಎಂಜಿನ್ನನ್ನ ಕಡಲೆಕಾಯಿ ಎಣ್ಣೇಲಿ ಓಡಿಸಿ ತೋರಿಸಿದ್ರು. ಆದ್ರೆ ಒಂದಿನ ಓಡೋದು ಬೇರೆ ಹತ್ತು ವರ್ಷ ಓಡೋದು ಬೇರೆ. ಎಣ್ಣೆ ಡೀಸೆಲ್‌ಗಿಂತ ಹತ್ತು ಪಟ್ಟು ಮಂದ, 40 ಡಿಗ್ರೀಲಿ ಅಳೆದ್ರೆ ಡೀಸೆಲ್ 2ರಿಂದ 4.5 ಸೆಂಟಿಸ್ಟೋಕ್ (ಮಂದ ಎಷ್ಟು ಅಂತ ಅಳೆಯೋ ಲೆಕ್ಕ) ಇರುತ್ತೆ, ಎಣ್ಣೆ 30 ದಾಟಿರುತ್ತೆ. ಇಂಜೆಕ್ಟರ್‌ನಲ್ಲಿ ಸಣ್ಣ ಹನಿಯಾಗಿ ಚೆಲ್ಲೋ ಬದಲು ದಪ್ಪ ಧಾರೆ ಆಗುತ್ತೆ, ಪೂರ್ತಿ ಉರಿಯಲ್ಲ, ನಳಿಕೆ ತುದೀಲಿ ಇದ್ದಿಲು ಕಟ್ಟುತ್ತೆ, ರಿಂಗ್ ಹಿಡ್ಕೊಳುತ್ತೆ, ಉರಿಯದೆ ಉಳಿದ ಎಣ್ಣೆ ಕೆಳಗೆ ಇಳಿದು ಎಂಜಿನ್ ಆಯಿಲ್ ಜೊತೆ ಸೇರಿ ಅದು ಲೋಳೆ ಆಗುತ್ತೆ. ಇದನ್ನ ನಾನು ಕೈಯಾರೆ ಕೆರೆದು ತೆಗೆದಿದೀನಿ, ವಾಸನೆ ಇನ್ನೂ ಮೂಗಲ್ಲಿದೆ.

ಹಾಗೇ ಎಣ್ಣೆ ಹಾಕಲೇಬೇಕು ಅಂದ್ರೆ ಎರಡು ಟ್ಯಾಂಕ್ ಬೇಕು. ಡೀಸೆಲ್‌ನಲ್ಲಿ ಸ್ಟಾರ್ಟ್ ಮಾಡಿ, ರೇಡಿಯೇಟರ್ ಬಿಸಿನೀರಿನ ಪೈಪನ್ನ ಎಣ್ಣೆ ಟ್ಯಾಂಕ್ ಒಳಗೆ ಸುತ್ತಿ, ಎಣ್ಣೆ 70 ಡಿಗ್ರಿ ದಾಟಿದ ಮೇಲೆ ಆ ಕಡೆ ತಿರುಗಿಸೋದು, ಗಾಡಿ ನಿಲ್ಸೋಕೆ ಮುಂಚೆ ಮತ್ತೆ ಡೀಸೆಲ್‌ಗೆ ಬಂದು ಲೈನ್ ತೊಳೆಯೋದು. ಒಂದಿನ ಮರೆತ್ರೆ ಮಾರನೇ ಬೆಳಗ್ಗೆ ತಳ್ಳಬೇಕು ಅಷ್ಟೆ. ಮತ್ತೆ ಇದು ಹಳೇ ಗಾಡಿಗೆ ಮಾತ್ರ, ಈಗಿನ ಕಾಮನ್ ರೈಲ್ ಅಂದ್ರೆ ತುಂಬಾ ಒತ್ತಡದಲ್ಲಿ ಡೀಸೆಲ್ ಚೆಲ್ಲೋ ಎಂಜಿನ್ನಿಗೆ ಕನಸಲ್ಲೂ ಹಾಕ್ಬೇಡಿ, ಪಂಪು ಇಂಜೆಕ್ಟರು ಎರಡೂ ಹೋಗುತ್ತೆ.

ಬಯೋಡೀಸೆಲ್ ಅಂದ್ರೆ ಎಣ್ಣೇನ ಮೆಥನಾಲ್ ಜೊತೆ ಸೇರಿಸಿ ಡೀಸೆಲ್ ಥರ ತೆಳ್ಳಗೆ ಮಾಡೋದು, ಹಾಗೆ ಮಾಡಿದ್ರೆ ಈ ರಗಳೆ ಇಲ್ಲ. ಒಂದು ಲೀಟರ್ ಎಣ್ಣೆಗೆ 200 ಮಿಲಿ ಮೆಥನಾಲ್, ಕಾಸ್ಟಿಕ್ ಸೋಡಾ ಹೊಸ ಎಣ್ಣೆ ಆದ್ರೆ 3.5 ಗ್ರಾಂ, ಕರಿದ ಎಣ್ಣೆ ಆದ್ರೆ ಜಾಸ್ತಿ, ಎಷ್ಟು ಜಾಸ್ತಿ ಅಂತ ಪ್ರತೀ ಸಲ ಟೈಟ್ರೇಶನ್ (ಎಣ್ಣೇಲಿ ಆಮ್ಲ ಎಷ್ಟಿದೆ ಅಂತ ಅಳೆಯೋ ಪರೀಕ್ಷೆ) ಮಾಡಿ ನೋಡ್ಬೇಕು. 55 ಡಿಗ್ರೀಲಿ ಒಂದೆರಡು ಗಂಟೆ ಕಲಸಿ ಒಂದು ರಾತ್ರಿ ಬಿಟ್ರೆ ಗ್ಲಿಸರಿನ್ ಕೆಳಗೆ ಕೂರುತ್ತೆ, ಮೇಲಿರೋದನ್ನ ನೀರಲ್ಲಿ ತೊಳೆದು ಒಣಗಿಸಿ ಹಾಕೋದು. ಎಣ್ಣೇಲಿ ನೀರಿದ್ರೆ ಬಯೋಡೀಸೆಲ್ ಬದಲು ಸೋಪ್ ಆಗುತ್ತೆ, ನನ್ನ ಮೊದಲನೇ ಡ್ರಮ್ ಪೂರ್ತಿ ಸೋಪೇ. ಆರು ತಿಂಗಳು ಕೈ ತೊಳ್ಕೊಂಡೆ ಅದರಲ್ಲಿ.

ಮೆಥನಾಲ್ ಬಗ್ಗೆ ಮಾತ್ರ ತಮಾಷೆ ಇಲ್ಲ. 65 ಡಿಗ್ರಿ ಹತ್ರ ಕುದಿಯುತ್ತೆ, ಆವಿ ವಿಷ, ಸ್ವಲ್ಪ ಬಾಯಿಗೆ ಹೋದ್ರೂ ಕಣ್ಣು ಹೋಗುತ್ತೆ, ಹತ್ತಿಕೊಂಡ್ರೆ ಹಗಲು ಬೆಳಕಲ್ಲಿ ಉರಿ ಕಾಣ್ಸಲ್ಲ. ಒಲೆ ಮೇಲಿಟ್ಟು ಮಾಡೋ ಕೆಲಸ ಅಲ್ಲ, ಮನೆ ಒಳಗೆ ಮಾಡೋದೂ ಅಲ್ಲ, ಮಕ್ಕಳು ಓಡಾಡೋ ಕಡೆ ಅಂತೂ ಬೇಡವೇ ಬೇಡ.

ಹಾಕಿದ ಮೇಲೆ ಮೊದಲ ಕೆಲವು ಟ್ಯಾಂಕ್ ಫಿಲ್ಟರ್ ಬದಲಾಯಿಸ್ತಾ ಇರಿ, ಯಾಕಂದ್ರೆ ಬಯೋಡೀಸೆಲ್ ಹಳೇ ಟ್ಯಾಂಕಿನ ಕೊಳೆನೆಲ್ಲ ಕಿತ್ತು ತಂದು ಫಿಲ್ಟರಿಗೆ ತುಂಬುತ್ತೆ. ಹಳೇ ರಬ್ಬರ್ ಪೈಪ್ ಮೆತ್ತಗಾಗಿ ಸೋರುತ್ತೆ, ಅದನ್ನೂ ಬದಲಾಯಿಸ್ಬೇಕು.

ಲೆಕ್ಕಪಕ್ಕಾ

ಗ್ರೀಸ್‌ಕೈ ಅಣ್ಣ ಹೇಗೆ ಮಾಡೋದು ಅಂತ ಹೇಳಿದ್ರು, ನಾನು ಮಾಡ್ಬೇಕಾ ಅಂತ ಕೇಳ್ತೀನಿ. ಸ್ವಲ್ಪ ಉದ್ದ ಇದೆ, ಓದಿ.

ಒಂದು ಎಕರೆ ಕಡಲೆಕಾಯಿ. ಬೆಳೆ ಚೆನ್ನಾಗಿ ಬಂದ್ರೆ 400 ಲೀಟರ್ ಎಣ್ಣೆ ಅಂತ ಇಟ್ಕೊಳಿ (ಸೋಯಾ ಆದ್ರೆ ಇದರ ಅರ್ಧನೂ ಬರಲ್ಲ). ನಿಮ್ಮ ಪಿಕಪ್ ಲೀಟರಿಗೆ 15 ಕಿಮೀ ಕೊಟ್ರೆ 6000 ಕಿಮೀ. ಒಂದು ಎಕರೆ, ಒಂದು ಬೆಳೆ, ಉಳುಮೆ ಕಳೆ ಕೊಯ್ಲು ಗಾಣ ಎಲ್ಲ ಸೇರಿ 6000 ಕಿಮೀ. ಅದರಲ್ಲೂ ಉಳೋಕೆ ಹಾಕಿದ ಡೀಸೆಲ್ ನಾನು ಕಳೆದಿಲ್ಲ.

ಈಗ 400 ವ್ಯಾಟ್‌ದು ಎರಡು ಪ್ಯಾನೆಲ್ ತಗೊಳಿ. ಒಂದೊಂದು ಸುಮಾರು 2 ಚದರ ಮೀಟರ್, ಎರಡೂ ಸೇರಿ ಒಂದು ಮಂಚದಷ್ಟು ಜಾಗ. ಒಳ್ಳೇ ಬಿಸಿಲಿರೋ ಕಡೆ ದಿನಕ್ಕೆ ಪೂರ್ತಿ ಬಿಸಿಲು 4 ಗಂಟೆ ಅಂತ ಹಿಡಿದ್ರೆ ಎರಡರಿಂದ ದಿನಕ್ಕೆ 3.2 ಯೂನಿಟ್, ವರ್ಷಕ್ಕೆ 1150 ಚಿಲ್ಲರೆ, ವೈರು ಬ್ಯಾಟರಿ ಚಾರ್ಜರಲ್ಲಿ ಹೋಗೋದು ಕಳೆದು 1000 ಅನ್ನಿ. ಎಲೆಕ್ಟ್ರಿಕ್ ಕಾರು ಯೂನಿಟ್ಟಿಗೆ 6 ಕಿಮೀ ಓಡುತ್ತೆ. ಅಲ್ಲಿಗೆ ಅದೂ 6000 ಕಿಮೀ!

ಒಂದು ಎಕರೆ ಅಂದ್ರೆ 4047 ಚದರ ಮೀಟರ್. ಆ ಕಡೆ 4000, ಈ ಕಡೆ 4. ನಾನು ಮೊದಲ ಸಲ ಈ ಲೆಕ್ಕ ಹಾಕಿದಾಗ ಸೊನ್ನೆ ಎಲ್ಲೋ ತಪ್ಪಿರ್ಬೇಕು ಅಂತ ಮೂರು ಸಲ ಹಾಕ್ದೆ. ಕಾರಣ ಸಿಂಪಲ್, ಗಿಡ ಬಿಸಿಲಲ್ಲಿ ಹಿಡಿದಿಡೋದು ನೂರಕ್ಕೆ ಒಂದು ಭಾಗವೂ ಇರಲ್ಲ, ಅದರಲ್ಲಿ ಎಣ್ಣೆ ಆಗೋದು ಇನ್ನೂ ಸ್ವಲ್ಪ, ಆ ಎಣ್ಣೇಲೂ ಎಂಜಿನ್ ಮುಕ್ಕಾಲು ಭಾಗ ಬಿಸಿ ಮಾಡಿ ಹೊಗೆ ಕೊಳವೇಲೂ ರೇಡಿಯೇಟರಲ್ಲೂ ಬಿಡುತ್ತೆ. ಪ್ಯಾನೆಲ್ ನೂರಕ್ಕೆ 20 ಹಿಡಿಯುತ್ತೆ, ಮೋಟರ್ ಅದರಲ್ಲಿ ಹೆಚ್ಚುಕಮ್ಮಿ ಎಲ್ಲಾ ಚಕ್ರಕ್ಕೆ ಕೊಡುತ್ತೆ.

ಅದಕ್ಕೇ ನಾನು ಹೇಳೋದು ಬೆಳೆಯೋ ಭೂಮೀಲಿ ಗಾಡಿಗೆ ಮೇವು ಬೆಳೀಬೇಡಿ. ಬೀಳು ಭೂಮೀಲಿ ಜತ್ರೋಫಾ ಅನ್ನೋ ಎಣ್ಣೆಬೀಜದ ಗಿಡ ಹಾಕಿ ಅಂತ ಇಪ್ಪತ್ತು ವರ್ಷದ ಹಿಂದೆ ಎಷ್ಟು ದೇಶದಲ್ಲಿ ಕುಣಿದ್ರು, ಬರಡು ನೆಲದಲ್ಲಿ ಗಿಡ ಬದುಕ್ತು ಕಾಯಿ ಬಿಡಲಿಲ್ಲ. ಕಾಯಿ ಬೇಕಂದ್ರೆ ನೀರೂ ಗೊಬ್ಬರನೂ ಅದಕ್ಕೂ ಬೇಕು.

ಇನ್ನೊಂದು ಮಾತು, ಸ್ವಾವಲಂಬನೆ ಅಂತೀರಲ್ಲ, ಆ ಮೆಥನಾಲ್ ಎಲ್ಲಿಂದ ತರ್ತೀರಿ? ಅದನ್ನ ಮಾಡೋದು ಬಹುಪಾಲು ನೈಸರ್ಗಿಕ ಅನಿಲದಿಂದ. ಬಂಕ್ ಬಿಟ್ಟು ಕೆಮಿಕಲ್ ಅಂಗಡಿಗೆ ಹೋದ ಹಾಗಾಯ್ತು.

ಗ್ರೀಸ್‌ಕೈ

ಲೆಕ್ಕಪಕ್ಕಾ ಸಾರ್ ಲೆಕ್ಕ ಒಪ್ದೆ, ಆದ್ರೆ ಟ್ರಾಕ್ಟರ್ ಬಿಟ್ಬಿಟ್ರಲ್ಲ. ಉಳುಮೆ ದಿನ 35 ಹೆಚ್‌ಪಿ ಗಾಡಿ ಗಂಟೆಗೆ ನಾಲ್ಕೈದು ಲೀಟರ್ ಕುಡಿಯುತ್ತೆ, ದಿನಕ್ಕೆ ಆರು ಗಂಟೆ ಅಂದ್ರೆ 25 ಲೀಟರ್. ಅಷ್ಟು ಕೆಲಸ ಬ್ಯಾಟರೀಲಿ ಮಾಡ್ಬೇಕಂದ್ರೆ ಒಂದು ದಿನಕ್ಕೇ 80 ಯೂನಿಟ್ ಮೇಲೆ ಬೇಕು, ಅಂದ್ರೆ ಟ್ರಾಕ್ಟರ್ ಮೇಲೆ ದೊಡ್ಡ ಕಾರಿನ ಬ್ಯಾಟರಿ ಹೊರಿಸ್ಬೇಕು, ಅದನ್ನ ರಾತ್ರೋರಾತ್ರಿ ತುಂಬೋಕೆ ಇವರ ಮನೆ ಸೋಲಾರ್ ಎಲ್ಲಿ ಸಾಲುತ್ತೆ. ವರ್ಷದಲ್ಲಿ ಇಪ್ಪತ್ತು ದಿನದ ಕೆಲಸ ಅದು. ಆ ಇಪ್ಪತ್ತು ದಿನಕ್ಕೆ ಡ್ರಮ್ಮಲ್ಲಿ ತುಂಬಿಡೋ ಇಂಧನದ ಮುಂದೆ ಯಾವುದೂ ನಿಲ್ಲಲ್ಲ. ಅಲ್ಲಿ ಕರಿದ ಎಣ್ಣೆ ಪುಕ್ಕಟೆ ಸಿಕ್ಕಿದ್ರೆ ಬಯೋಡೀಸೆಲ್ ಮಾಡಿ, 20 ಪಾಲು ಅದು 80 ಪಾಲು ಡೀಸೆಲ್ ಬೆರೆಸಿ ಹಾಕಿ, ಎಂಜಿನ್ನಿಗೆ ಗೊತ್ತೇ ಆಗಲ್ಲ. ಬೀಜ ಬೆಳೆದು ಮಾಡಿ ಅಂತ ನಾನೂ ಹೇಳಿಲ್ಲ.

ಸಗಣಿಸಾಹುಕಾರ

ಗೋಬರ್ ಗ್ಯಾಸ್ ವಿಷಯಕ್ಕೆ ನನ್ನ ಹೆಸರು ಕೂಗೋಕೆ ಮುಂಚೆ ನಾನೇ ಬಂದೆ 😀

ಎರಡು ಹಸು ಅಂದ್ರೆ ದಿನಕ್ಕೆ 20ರಿಂದ 25 ಕೆಜಿ ಸಗಣಿ, ಅದರಿಂದ ಹೆಚ್ಚೆಂದ್ರೆ ಒಂದು ಘನ ಮೀಟರ್ ಗ್ಯಾಸ್. ಅದರಲ್ಲಿ ನೂರಕ್ಕೆ 60 ಭಾಗ ಮೀಥೇನ್ ಉಳಿದಿದ್ದು ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್, ಅದು ಉರಿಯಲ್ಲ. ಒಂದು ಘನ ಮೀಟರ್ ಅಂದ್ರೆ ಸಾವಿರ ಲೀಟರ್ ನೀರಿನ ಟ್ಯಾಂಕ್ ತುಂಬ ಗ್ಯಾಸ್, ಅಷ್ಟರಲ್ಲಿರೋ ಶಕ್ತಿ ಅರ್ಧ ಲೀಟರ್ ಡೀಸೆಲ್ಲಿಗೆ ಸಮ, ಸ್ವಲ್ಪ ಜಾಸ್ತಿ ಅನ್ನಿ. ಅಷ್ಟು ದೊಡ್ಡ ಬಲೂನು ಗಾಡಿ ಮೇಲೆ ಕಟ್ಕೊಂಡು ಹೋಗಿ ಎಂಟು ಕಿಮೀ ಓಡಿಸ್ಬೇಕಾ?

ಸಿಲಿಂಡರಿಗೆ ತುಂಬ್ತೀನಿ ಅಂದ್ರಿ, ಅಡುಗೆ ಸಿಲಿಂಡರ್ ನೋಡಿ ಹೇಳಿದ್ರಿ ಅನ್ಸುತ್ತೆ. ಅದರೊಳಗಿರೋದು ಬೇರೆ ಗ್ಯಾಸು, ಸ್ವಲ್ಪ ಒತ್ತಿದ್ರೆ ದ್ರವ ಆಗುತ್ತೆ. ಮೀಥೇನ್ ಹಾಗಲ್ಲ, ಮೈನಸ್ 82 ಡಿಗ್ರಿಗಿಂತ ತಣ್ಣಗೆ ಮಾಡದೆ ಎಷ್ಟು ಒತ್ತಿದ್ರೂ ದ್ರವ ಆಗಲ್ಲ. ಗಾಡಿಗೆ ತುಂಬೋಕೆ 200 ಬಾರ್ ಒತ್ತಡದ ಕಂಪ್ರೆಸರ್ ಬೇಕು, ಅದಕ್ಕೆ ತಕ್ಕ ಸಿಲಿಂಡರ್ ಬೇಕು, ಅದಕ್ಕೂ ಮುಂಚೆ ಗ್ಯಾಸ್ ತೊಳೀಬೇಕು, ಯಾಕಂದ್ರೆ ಕೊಳೆತ ಮೊಟ್ಟೆ ವಾಸನೆದು ಹೈಡ್ರೋಜನ್ ಸಲ್ಫೈಡ್ ಇರುತ್ತಲ್ಲ ಅದು ಕಬ್ಬಿಣ ತಿನ್ನುತ್ತೆ. ನೂರಾರು ಹಸು ಇರೋ ಡೈರಿ ಮಾಡ್ಲಿ, ಎರಡು ಹಸು ಇಟ್ಕೊಂಡು ಮನೇಲಿ ಕಂಪ್ರೆಸರ್ ಕೆಲಸ ಬೇಡ, ಸಿಡಿದ್ರೆ ಹುಡುಕೋಕೂ ಸಿಗಲ್ಲ.

ಅದೇ ಗ್ಯಾಸ್ ನೇರ ಒಲೆಗೆ ಬಿಟ್ರೆ ದಿನಕ್ಕೆ ಎರಡು ಮೂರು ಗಂಟೆ ಅಡುಗೆ ಆಗುತ್ತೆ, ಕಂಪ್ರೆಸರ್ ಬೇಡ ಏನೂ ಬೇಡ. ಹೊರಗೆ ಬರೋ ಸ್ಲರಿ ಹೊಲಕ್ಕೆ ಬಂಗಾರ. ನಾನು ಗ್ಯಾಸಿಗೆ ಅಂತ ಕಟ್ಟಿಸ್ದೆ, ಈಗ ಸ್ಲರಿಗೋಸ್ಕರ ನಡೆಸ್ತಿದೀನಿ ಅಂದ್ರೂ ಸುಳ್ಳಲ್ಲ. ಒಂದೇ, ಚಳಿ ಬಿದ್ದಾಗ ಗುಂಡೀಲಿರೋ ಜೀವಾಣು ಮಂಕಾಗಿ ಗ್ಯಾಸ್ ಕಮ್ಮಿ ಆಗುತ್ತೆ, ಆಗ ಬೈಕೋಬೇಡಿ.

ಚಕ್ರವಿಲ್ಲದಬಂಡಿ

ಸೌದೆ ಗ್ಯಾಸ್ ಬಗ್ಗೆ ಯಾರೂ ಹೇಳಲಿಲ್ವಲ್ಲ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲ್ ಸಿಗದೆ ಯೂರೋಪಲ್ಲಿ ಲಕ್ಷಗಟ್ಟಲೆ ಗಾಡಿ ಸೌದೇಲಿ ಓಡಿದ್ವಂತೆ. ನಮ್ಮ ಕಡೆ ಮರ ಬೇಕಾದಷ್ಟಿದೆ.

ಗ್ರೀಸ್‌ಕೈ

ಓಡಿದ್ವು, ಯುದ್ಧ ಮುಗಿದು ಪೆಟ್ರೋಲ್ ಬಂದ ತಕ್ಷಣ ಎಲ್ಲರೂ ಆ ಡ್ರಮ್ ಕಿತ್ತೆಸೆದ್ರು, ಅದೂ ನೆನಪಿರ್ಲಿ. ಗಾಳಿ ಕಮ್ಮಿ ಕೊಟ್ಟು ಸೌದೆ ಸುಟ್ರೆ ಕಾರ್ಬನ್ ಮೊನಾಕ್ಸೈಡೂ ಹೈಡ್ರೋಜನ್ನೂ ಬರುತ್ತೆ, ಅದನ್ನ ಸೋಸಿ ತಣ್ಣಗೆ ಮಾಡಿ ಎಂಜಿನ್ನಿಗೆ ಬಿಡೋದು. ಆದ್ರೆ ಅದರಲ್ಲಿ ಅರ್ಧದಷ್ಟು ಗಾಳಿಯಿಂದ ಬಂದ ಸಾರಜನಕನೇ, ಹಾಗಾಗಿ ಗಾಡಿ ಪವರ್ ಮೂರನೇ ಒಂದು ಭಾಗ ಹೋಗುತ್ತೆ, ಒಂದು ಲೀಟರ್ ಪೆಟ್ರೋಲ್ ಬದಲಿಗೆ ಮೂರು ಕೆಜಿ ಒಣ ಸೌದೆ ಬೇಕು, ಹಸಿ ಸೌದೆ ಹಾಕಿದ್ರೆ ಟಾರ್ ಹೋಗಿ ವಾಲ್ವಿಗೆ ಅಂಟುತ್ತೆ. ಬೂದಿ ತೆಗಿ ಫಿಲ್ಟರ್ ಬಡಿ ಅಂತ ಓಡಿಸೋಕಿಂತ ನೋಡ್ಕೊಳೋದೇ ಜಾಸ್ತಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಶೆಡ್ಡೊಳಗೆ ಹಚ್ಚಿದ್ರೆ ನಿದ್ದೆ ಬಂದ ಹಾಗೆ ಆಗಿ ಹೋಗಿಬಿಡ್ತೀರ. ಬಯಲಲ್ಲಿ ಒಂದೇ ಕಡೆ ನಿಲ್ಸಿ ಜನರೇಟರ್ ಓಡಿಸ್ತೀನಿ ಅಂದ್ರೆ ಪರವಾಗಿಲ್ಲ.

ಬದುವಿನಮೇಲೆ

ಎಲ್ಲರಿಗೂ ಥ್ಯಾಂಕ್ಸ್. ಆ 4000ಕ್ಕೆ 4ರ ಲೆಕ್ಕ ತಮ್ಮನಿಗೆ ತೋರಿಸ್ದೆ, ನಾನು ಹೇಳ್ಲಿಲ್ವಾ ಅನ್ನೋ ಮುಖ ಮಾಡ್ದ, ಅವನೇನೂ ಹೇಳಿರ್ಲಿಲ್ಲ. ಎಣ್ಣೆಬೀಜ ಬಿಟ್ಟೆ. ಗ್ಯಾಸ್ ಒಲೆಗೆ. ಆದ್ರೆ ಆ ಹೈಡ್ರೋಜನ್ ಕಿಟ್ ಬಗ್ಗೆ ಯಾರೂ ಮಾತಾಡ್ಲಿಲ್ಲ? ಮತ್ತೆ ಮನೆಗೆ ಎಷ್ಟು ಪ್ಯಾನೆಲ್ ಬೇಕು, ಸ್ಕೂಟರ್ ದಿನಕ್ಕೆ 40 ಕಿಮೀ ಓಡುತ್ತೆ.

ಲೆಕ್ಕಪಕ್ಕಾ

ಕಿಟ್ ಬಗ್ಗೆ ಮಾತಾಡದೆ ಇದ್ದಿದ್ದು ಮರ್ಯಾದೆಗೆ. ನೀರನ್ನ ಒಡೆಯೋಕೆ ಕರೆಂಟ್ ಎಲ್ಲಿಂದ ಬರುತ್ತೆ? ಗಾಡಿ ಆಲ್ಟರ್ನೇಟರಿಂದ. ಅದನ್ನ ತಿರುಗಿಸೋದ್ಯಾರು? ಎಂಜಿನ್. ಎಂಜಿನ್ ಕೊಟ್ಟ ಶಕ್ತೀಲಿ ಆಲ್ಟರ್ನೇಟರಲ್ಲಿ ಅರ್ಧ ಹೋಗುತ್ತೆ, ನೀರು ಒಡೆಯೋದ್ರಲ್ಲಿ ಮೂರನೇ ಒಂದು ಹೋಗುತ್ತೆ, ಉಳಿದ ಹೈಡ್ರೋಜನ್ ಸುಟ್ಟಾಗ ಎಂಜಿನ್ ವಾಪಸ್ ಕೊಡೋದು ಅದರಲ್ಲಿ ಕಾಲು ಭಾಗ. ಹತ್ತು ಕೊಟ್ಟು ಒಂದು ಈಸ್ಕೊಂಡ ಹಾಗೆ. ನಾನೂ ಒಂದು ಕಿಟ್ ತಗೊಂಡಿದ್ದೆ ಅನ್ನೋದು ಇಲ್ಲಿಗೇ ಇರ್ಲಿ, ಮನೇಲಿ ಹೇಳಿಲ್ಲ.

ಬಿಸಿಲುಕುದುರೆ

ಸೋಲಾರಿಗೆ ಬರ್ತೀನಿ. ಆರು ವರ್ಷದಿಂದ ನಮ್ಮನೇಲಿ ಲೈನ್ ಕರೆಂಟ್ ಇಲ್ಲ, ತಪ್ಪು ಮಾಡಿ ಮಾಡಿ ಕಲ್ತಿದ್ದು.

ಮೊದಲು ಪ್ಯಾನೆಲ್ ಎಷ್ಟು ಅಂತ ಕೇಳ್ಬೇಡಿ, ದಿನಕ್ಕೆ ಎಷ್ಟು ಯೂನಿಟ್ ಅಂತ ಕೇಳಿ. ಮೀಟರ್ ಇದೆಯಲ್ಲ, ಒಂದು ವಾರ ಪ್ರತಿದಿನ ಒಂದೇ ಹೊತ್ತಿಗೆ ಬರೆದಿಡಿ. ಲೈಟು ಫ್ಯಾನು ಫ್ರಿಜ್ಜು ಟಿವಿ ಮಿಕ್ಸಿ ಇರೋ ಮನೇಲಿ 4 ಅಥವಾ 5 ಯೂನಿಟ್ ಬರಬಹುದು. ಆಮೇಲೆ ಕಮ್ಮಿ ಮಾಡೋದು ನೋಡಿ, ಹಳೇ ಫ್ಯಾನ್ 75 ವ್ಯಾಟ್ ತಿನ್ನುತ್ತೆ, ಬಿಎಲ್‌ಡಿಸಿ (ಬ್ರಶ್ ಇಲ್ಲದ ಡಿಸಿ ಮೋಟರ್) ಫ್ಯಾನ್ 30ರಲ್ಲೇ ಅಷ್ಟೇ ಗಾಳಿ ಕೊಡುತ್ತೆ. ಬಿಸಿನೀರಿಗೆ ಕರೆಂಟ್ ಬಳಸ್ಲೇಬೇಡಿ, ಒಂದು ಗೀಸರ್ ಇಡೀ ಮನೆ ಲೆಕ್ಕ ಕೆಡಿಸುತ್ತೆ.

ಸ್ಕೂಟರ್ ಸುಲಭ. ಎಲೆಕ್ಟ್ರಿಕ್‌ದು ಕಿಮೀಗೆ 30 ವ್ಯಾಟ್ ಅವರ್ ಹತ್ರ ತಗೊಳುತ್ತೆ, 40 ಕಿಮೀಗೆ 1.2 ಯೂನಿಟ್, ಅಂದ್ರೆ ಒಂದೇ ಒಂದು 400 ವ್ಯಾಟ್ ಪ್ಯಾನೆಲ್ ಬಿಸಿಲಿದ್ದ ದಿನ ಅದನ್ನ ಸಾಕುತ್ತೆ. ಇದರಲ್ಲಿ ಒಂದು ಸಿಕ್ಕು ಇದೆ, ಹಗಲೆಲ್ಲ ನೀವು ಸ್ಕೂಟರ್ ತಗೊಂಡು ಹೊರಗೆ ಹೋದ್ರೆ ಬಿಸಿಲು ಮನೇಲಿ, ಬ್ಯಾಟರಿ ಊರಲ್ಲಿ. ರಾತ್ರಿ ಮನೆ ಬ್ಯಾಟರಿಯಿಂದ ತುಂಬಿದ್ರೆ ಎರಡು ಸಲ ಲಾಸು, ಮನೆ ಬ್ಯಾಟರಿನೂ ದೊಡ್ಡದು ಬೇಕು. ನೀವು ಮನೆಯಲ್ಲಿರೋ ಹೊತ್ತಿಗೆ ತಕ್ಕ ಹಾಗೆ ನೋಡ್ಕೊಳಿ, ಬ್ಯಾಟರಿ ಬಿಚ್ಚಿ ಇಡೋ ಥರದ ಸ್ಕೂಟರ್ ತಗೊಂಡು ಇನ್ನೊಂದು ಬ್ಯಾಟರಿ ಇಟ್ಕೊಂಡೋರೂ ಇದಾರೆ.

ನೀರಿನ ಮೋಟರನ್ನ ಬ್ಯಾಟರಿಗೆ ಕಟ್ಟಬೇಡಿ. ಇದು ದೊಡ್ಡಕ್ಷರದಲ್ಲಿ ಬರೆಯೋಕೆ ಆಗಿದ್ರೆ ಬರೀತಿದ್ದೆ. 1 ಹೆಚ್‌ಪಿ ಅಂದ್ರೆ 746 ವ್ಯಾಟ್ ಅಷ್ಟೇ ತಾನೆ ಅಂತ ಅನ್ಕೊಂಡು ಇನ್ವರ್ಟರ್ ತರ್ತಾರೆ, ಸ್ಟಾರ್ಟ್ ಆಗೋ ಕ್ಷಣದಲ್ಲಿ ಅದು ಐದಾರು ಪಟ್ಟು ಕರೆಂಟ್ ಎಳೆಯುತ್ತೆ, ಇನ್ವರ್ಟರ್ ಕೈ ಎತ್ತುತ್ತೆ. ಅದರ ಬದಲು ಪ್ಯಾನೆಲ್‌ಗೆ ನೇರ ಸೋಲಾರ್ ಪಂಪ್ ಡ್ರೈವ್ ಹಾಕಿ, ಬಿಸಿಲು ಏರಿದ ಹಾಗೆ ಮೋಟರ್ ನಿಧಾನಕ್ಕೆ ಜೋರಾಗುತ್ತೆ, ಮೋಡ ಬಂದ್ರೆ ಮೆಲ್ಲಗಾಗುತ್ತೆ. ಎತ್ತರದಲ್ಲಿ ಒಂದು ಟ್ಯಾಂಕ್ ಇಡಿ. ತುಂಬಿದ ಟ್ಯಾಂಕೇ ನಿಮ್ಮ ಬ್ಯಾಟರಿ, ಅದಕ್ಕೆ ಹತ್ತು ವರ್ಷಕ್ಕೊಮ್ಮೆ ಸೆಲ್ ಬದಲಾಯಿಸ್ಬೇಕಿಲ್ಲ. ಡ್ರೈವ್ ಹೆಚ್ಚಿನವು ಮೂರು ಫೇಸ್ ಮೋಟರಿಗೆ ಇರೋದು, ನಿಮ್ಮದು ಸಿಂಗಲ್ ಫೇಸಾ ನೋಡ್ಕೊಳಿ ಮೊದಲು.

ಬ್ಯಾಟರಿ ವಿಷಯ. 12 ವೋಲ್ಟ್ 150 ಎಹೆಚ್ (ಆಂಪಿಯರ್ ಅವರ್) ಆಸಿಡ್ ಬ್ಯಾಟರಿ ಅಂದ್ರೆ ಕಾಗದದ ಮೇಲೆ 1.8 ಯೂನಿಟ್, ಆದ್ರೆ ಅರ್ಧಕ್ಕಿಂತ ಜಾಸ್ತಿ ದಿನಾ ತೆಗೆದ್ರೆ ಬೇಗ ಸಾಯುತ್ತೆ, ಹಾಗಾಗಿ 0.9 ಅಂತ ಲೆಕ್ಕ ಇಡಿ. ಲಿಥಿಯಂ ಐರನ್ ಫಾಸ್ಫೇಟ್ ಆದ್ರೆ ನೂರಕ್ಕೆ 80 ಭಾಗ ಆರಾಮಾಗಿ ತೆಗೀಬಹುದು, ಸಾವಿರಾರು ಸಲ ತುಂಬಿ ಖಾಲಿ ಮಾಡಬಹುದು. 5 ಯೂನಿಟ್ಟಿನ ಒಂದು ಲಿಥಿಯಂ ಮಾಡೋ ಕೆಲಸಕ್ಕೆ ಆಸಿಡ್ ಬ್ಯಾಟರಿ ನಾಲ್ಕೈದು ಬೇಕು. ಮೊದಲ ಸಲ ನಾನು ಆಸಿಡ್‌ದೇ ತಂದೆ, ಎರಡೂವರೆ ವರ್ಷಕ್ಕೆ ಸತ್ವು, ತಪ್ಪು ಬ್ಯಾಟರಿದಲ್ಲ, ರಾತ್ರಿ ಕೊನೆವರೆಗೂ ಹಿಂಡ್ತಿದ್ದೆ, ನೀರು ಹಾಕೋದೂ ಮರೀತಿದ್ದೆ.

ನಿಮಗೆ ಸುಮಾರಾಗಿ 2 ಕಿಲೋವ್ಯಾಟ್ ಪ್ಯಾನೆಲ್ ಅಂದ್ರೆ 400ರ ಐದು, ಬಿಸಿಲಿದ್ರೆ 8 ಯೂನಿಟ್. ಮನೆಗೆ 5, ಸ್ಕೂಟರಿಗೆ ಒಂದೂವರೆ, ಉಳಿದಿದ್ದು ಲಾಸಿಗೆ. ಪಂಪಿಗೆ ಬೇರೆ ಪ್ಯಾನೆಲ್. ಆದ್ರೆ ದಟ್ಟ ಮೋಡದ ದಿನ ಅದೇ ಐದು ಪ್ಯಾನೆಲ್ಲಿಂದ ಒಂದೂವರೆ ಯೂನಿಟ್ ಬಂದ್ರೆ ಹೆಚ್ಚು. ಹಾಗೆ ಒಂದು ವಾರ ಹಿಡಿದ್ರೆ? ಅದಕ್ಕೆ ತಕ್ಕ ಬ್ಯಾಟರಿ ತರೋಕೆ ಹೊರಟ್ರೆ ಮನೆ ಮಾರ್ಬೇಕು. ಪ್ಯಾನೆಲ್ ಇನ್ನೆರಡು ಜಾಸ್ತಿ ಹಾಕೋದು ಅಗ್ಗ. ಲೈನ್ ಕರೆಂಟ್ ಕಿತ್ತುಹಾಕ್ಬೇಡಿ, ಬಂದಾಗ ಬರ್ಲಿ, ಬ್ಯಾಟರಿ ತುಂಬ್ಲಿ. ನಾನು ಕಿತ್ತುಹಾಕಿ ಒಂದು ಮಳೆಗಾಲ ಬುಡ್ಡಿ ದೀಪದಲ್ಲಿ ಕಳೆದೆ, ಜಂಬ ಅಷ್ಟೆ, ಈಗ ಒಂದು ಸಣ್ಣ ಜನರೇಟರ್ ಇಟ್ಟಿದೀನಿ.

ಲೈನಿಗೆ ಮಾತ್ರ ಸೇರೋ ಆನ್‌ಗ್ರಿಡ್ ಇನ್ವರ್ಟರ್ ತಂದು ಮೋಸ ಹೋಗ್ಬೇಡಿ, ಕರೆಂಟ್ ಹೋದ ತಕ್ಷಣ ಸುಡು ಬಿಸಿಲಲ್ಲೂ ಅದು ನಿಲ್ಲುತ್ತೆ. ಲೈನ್ ಮೇಲೆ ಕೆಲಸ ಮಾಡೋನಿಗೆ ಹಿಂದಿನಿಂದ ಶಾಕ್ ಹೊಡೀಬಾರ್ದು ಅಂತ ಬೇಕಂತಲೇ ಹಾಗೆ ಮಾಡಿರೋದು. ನಿಮಗೆ ಹೈಬ್ರಿಡ್ (ಲೈನೂ ಬ್ಯಾಟರಿನೂ ಎರಡೂ ಬಳಸೋದು) ಅಥವಾ ಆಫ್‌ಗ್ರಿಡ್ (ಲೈನ್ ಇಲ್ದೇನೂ ಬ್ಯಾಟರೀಲಿ ನಡೆಯೋದು) ಬೇಕು.

ಕೊನೇದಾಗಿ ನನ್ನ ಕಂಟ್ರೋಲರ್, ಅಂದ್ರೆ ಪ್ಯಾನೆಲ್ಲಿಂದ ಬ್ಯಾಟರಿ ತುಂಬೋ ಪೆಟ್ಟಿಗೆ, ಸತ್ತ ಕಥೆ. ಹಾಕಿಕೊಟ್ಟೋನು ಮೂರು ಪ್ಯಾನೆಲ್ ಸೀರೀಸ್ (ಒಂದರ ಹಿಂದೊಂದು ಜೋಡಿಸಿ ವೋಲ್ಟೇಜ್ ಕೂಡಿಸೋದು) ಮಾಡಿದ್ದ, ಒಂದೊಂದರ ಲೇಬಲ್ ಮೇಲೆ ಓಪನ್ ಸರ್ಕ್ಯೂಟ್, ಅಂದ್ರೆ ಏನೂ ಲೋಡ್ ಇಲ್ಲದಾಗಿನ ವೋಲ್ಟೇಜ್, 49 ವೋಲ್ಟ್, ಮೂರಕ್ಕೆ 147, ಕಂಟ್ರೋಲರ್ ಮಿತಿ 150, ಸರಿಯಾಗಿದೆಯಲ್ಲ ಅಂದ. ಆ ಲೇಬಲ್ ನಂಬರ್ 25 ಡಿಗ್ರಿದು. ಪ್ಯಾನೆಲ್ ತಣ್ಣಗಾದ್ರೆ ವೋಲ್ಟೇಜ್ ಏರುತ್ತೆ, ಡಿಗ್ರಿಗೆ ಸುಮಾರು 0.3 ಪರ್ಸೆಂಟ್. ಒಂದು ಚಳಿ ಬೆಳಗ್ಗೆ 5 ಡಿಗ್ರಿ, ಬಿಸಿಲು ಬಿದ್ದ ಕೂಡ್ಲೇ 155 ಹೋಗಿರ್ಬೇಕು, ಪಟ್ ಅಂತು. ಹಾಗೇ ಡಿಸಿ ಕಡೆ ಡಿಸಿ ಬ್ರೇಕರೇ ಹಾಕಿಸಿ, ಮನೆ ಬೋರ್ಡಿಗೆ ಹಾಕೋ ಎಸಿ ಬ್ರೇಕರ್ ಹಾಕಿದ್ರೆ ಆಫ್ ಮಾಡಿದಾಗ ಒಳಗೆ ಕಿಡಿ ಆರದೆ ಉರಿಯುತ್ತೆ.

ಬದುವಿನಮೇಲೆ

ಇಷ್ಟು ಬರೆದಿದ್ದಕ್ಕೆ ಕೈ ಮುಗಿದೆ. ಮೋಟರ್ ನೋಡ್ದೆ, ಸಿಂಗಲ್ ಫೇಸೇ. ಮೀಟರ್ ಇವತ್ತಿಂದ ಬರೆಯೋಕೆ ಶುರು ಮಾಡಿದೀನಿ, ಪುಸ್ತಕ ತಮ್ಮನ ಕೈಗೆ ಕೊಟ್ಟಿದೀನಿ. ಸ್ಕೂಟರ್ ಮೊದಲು, ಆಮೇಲೆ ಪ್ಯಾನೆಲ್, ಟ್ರಾಕ್ಟರಿಗೆ ಡೀಸೆಲ್ಲೇ. ಪಿಕಪ್ಪಿಗೆ ಮಾತ್ರ ಒಂದು ಡ್ರಮ್ ಕರಿದ ಎಣ್ಣೆ ಸಿಗೋ ದಾರಿ ಇದೆ, ಗ್ರೀಸ್‌ಕೈ ಅಣ್ಣ ಅದನ್ನ ಎಷ್ಟು ದಿನ ಇಡಬಹುದು?

ಗ್ರೀಸ್‌ಕೈ

ಎಣ್ಣೆ ಆಗಿದ್ರೆ ಮುಚ್ಚಿ ನೆರಳಲ್ಲಿಟ್ರೆ ಕೆಲವು ತಿಂಗಳು, ಕೆಳಗಿನ ನೀರು ಗಸಿ ಬಿಟ್ಟು ಮೇಲಿಂದ ತೆಗೀರಿ. ಬಯೋಡೀಸೆಲ್ ಮಾಡಿದ ಮೇಲೆ ಆರು ತಿಂಗಳೊಳಗೆ ಸುಟ್ಟು ಮುಗಿಸಿ, ಇಟ್ರೆ ಹುಳಿ ಆಗುತ್ತೆ. ತಾಮ್ರ ಹಿತ್ತಾಳೆ ನಲ್ಲಿ ಹಾಕ್ಬೇಡಿ ಡ್ರಮ್ಮಿಗೆ, ಬೇಗ ಕೆಡಿಸುತ್ತೆ. ಮತ್ತೆ ಮೊದಲ ಸಲ ಒಂದು ಲೀಟರ್ ಬಾಟಲೀಲಿ ಮಾಡಿ ನೋಡಿ, ಇಡೀ ಡ್ರಮ್ ಸೋಪ್ ಆದ್ರೆ ಹಂಚೋಕೆ ಜನ ಸಾಲಲ್ಲ.